ಬಾಲದಲ್ಲೊಂದು ‘ಕೊ’

ಫಿನ್‌ಲ್ಯಾಂಡಿನವರು ಪ್ರಶ್ನೆ ಕೇಳುವಾಗ ನಮ್ಮ ಹಾಗೆ ದನಿ ಏರಿಸುವುದಿಲ್ಲ. ಕ್ರಿಯಾಪದವನ್ನು ವಾಕ್ಯದ ತಲೆಗೆ ತಂದು, ಅದರ ಬಾಲಕ್ಕೊಂದು ‘ಕೊ’ ಅಂಟಿಸಿದರೆ ಆಯಿತು. ‘ತುಲೆತ್’ ಅಂದರೆ ಬರುತ್ತೀ, ‘ತುಲೆತ್ಕೊ’ ಅಂದರೆ ಬರುತ್ತೀಯಾ. ಅಷ್ಟು ಕೇಳಿ ಸುಮ್ಮನೆ ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ.

ಕನ್ನಡದ ಕಿವಿಗೆ ಇದೊಂದು ಪೇಚು. ನಮ್ಮಲ್ಲಿ ‘ಕೊ’ ಬಂದರೆ ಅದು ಅಪ್ಪಣೆ. ಕೂತ್ಕೊ, ಮಲಕ್ಕೊ, ತಲೆ ಬಾಚ್ಕೊ ಎಂಬ ಅಪ್ಪಣೆಗಳ ಕೆಳಗೇ ಬೆಳೆದವರು ನಾವು. ಮಗಳ ಮನೆಗೆಂದು ಫಿನ್‌ಲ್ಯಾಂಡಿನ ಎಸ್ಪೋಗೆ ಹೋಗಿದ್ದಾಗ, ಎದುರು ಫ್ಲ್ಯಾಟಿನ ಅಜ್ಜಿ ‘ಒತತ್ಕೊ ಕಹ್ವಿಯ?’ ಎಂದರು. ಮೇಷ್ಟರು ಗದರಿಸಿದ ಹಾಗಾಗಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಪಾಪ, ಆಕೆ ಕೇಳಿದ್ದು ಇಷ್ಟೇ: ‘ಕಾಫಿ ತಗೋತೀಯಾ?’ ಬಹುವಚನದ ಮರ್ಯಾದೆ ಅಲ್ಲಿ ಈಗ ಅಪರೂಪ. ನರೆತ ತಲೆಗೂ ಏಕವಚನವೇ. ಅಮ್ಮ ಹೋದ ಮೇಲೆ ನನ್ನನ್ನು ‘ತಗೋತೀಯಾ’ ಎಂದು ಕೇಳಿದವರು ಆಕೆಯೊಬ್ಬರೇ.

ಉತ್ತರ ಇನ್ನೂ ಸೊಗಸು. ಹೌದು ಎನ್ನಲು ಅವರಲ್ಲಿ ‘ಕ್ಯುಲ್ಲಾ’ ಇದೆ, ‘ಯೋ’ ಇದೆ. ಆದರೂ ಸಾಮಾನ್ಯವಾಗಿ ಕೇಳಿದವರ ಕ್ರಿಯಾಪದವನ್ನೇ ತಿರುಗಿಸಿ ಕೊಡುತ್ತಾರೆ. ಒತತ್ಕೊ? ಒತನ್. ತಗೋತೀಯಾ? ತಗೋತೀನಿ. ಬೇಡವಾದರೆ ‘ಎನ್ ಒತ’. ಅಲ್ಲಿ ನಿಷೇಧವೂ ಒಂದು ಕ್ರಿಯಾಪದವೇ, ಆಳಿಗೆ ತಕ್ಕಂತೆ ರೂಪ ಬದಲಿಸುತ್ತದೆ: ನನಗೆ ‘ಎನ್’, ನಿನಗೆ ‘ಎತ್’, ಅವನಿಗೂ ಅವಳಿಗೂ ‘ಎಯ್’. ಧಾರವಾಡದ ಕಡೆಯ ‘ಒಲ್ಲೆ’ಯನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. ನನ್ನ ಮಗಳು ಮಾತ್ರ ಏನು ಕೇಳಿದರೂ ‘ಯಾ, ಶೂರ್’ ಅನ್ನುತ್ತಾಳೆ. ಡೇಕೇರಿನಲ್ಲಿ ಫಿನ್ನಿಶ್ ಕಲಿತ ಮೊಮ್ಮಗಳು ‘ಬರ್ತೀಯೇನೇ?’ ಅಂದರೆ ಅಚ್ಚುಕಟ್ಟಾಗಿ ‘ಬರ್ತೀನಿ’ ಅನ್ನುತ್ತಾಳೆ. ಅವಳ ಕನ್ನಡವನ್ನು ಕಾಯುತ್ತಿರುವುದು ಫಿನ್ನಿಶ್ ವ್ಯಾಕರಣವೇ ಇರಬೇಕೆಂದು ನನ್ನ ಗುಮಾನಿ.

ಆ ‘ಕೊ’ ನಮ್ಮ ‘ಆ’ಕಾರದ ಹಾಗೆ ಊರೆಲ್ಲ ಸುತ್ತುತ್ತದೆ. ‘ತುಲಿತ್ಕೊ ಎಯ್ಲೆನ್’ ಅಂದರೆ ನಿನ್ನೆ ಬಂದೆಯಾ. ನಿನ್ನೆಯ ಮೇಲೇ ಅನುಮಾನವಿದ್ದರೆ ‘ಎಯ್ಲೆನ್ಕೊ ತುಲಿತ್’, ನಿನ್ನೆಯಾ ಬಂದದ್ದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್ ನಮ್ಮ ನುಡಿಗಳಿಗೂ ಫಿನ್ನಿಶ್ ಕಡೆಯ ನುಡಿಗಳಿಗೂ ನಂಟು ಹುಡುಕಿದ್ದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ, ಕಾಫಿಗೆ ಕರೆಯಲು ನೆಂಟಸ್ತಿಕೆಯೇ ಆಗಬೇಕೆಂದೇನಿಲ್ಲ.

ಈ ‘ಕೊ’ಗೊಂದು ಅವಳಿಯೂ ಉಂಟು. ಪದದ ಸ್ವರಗಳು ಬಾಯಿಯ ಮುಂಭಾಗದಲ್ಲಿ ಹುಟ್ಟುವಂಥವಾದರೆ ಬಾಲವೂ ಅವುಗಳ ರಾಗಕ್ಕೆ ಹೊಂದಿಕೊಳ್ಳಬೇಕು. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ; ಮೇಲಿನ ‘ಎಯ್ಲೆನ್ಕೊ’ದಲ್ಲಿ ಇರಬೇಕಾದದ್ದೂ ಅದೇ, ನಾನು ‘ಕೊ’ ಎಂದೇ ಬರೆದು ಪಾರಾದೆ. ‘ಎ ಅನ್ನು, ತುಟಿ ಮಾತ್ರ ಸೀಟಿ ಊದೋ ಥರ ಮಾಡು’ ಎಂದು ಮೊಮ್ಮಗಳು ಕಲಿಸಿದಳು. ನಾನು ಊದಿದೆ. ಅವಳು ಸೋಫಾದ ಮೇಲೆ ಬಿದ್ದು ನಕ್ಕಳು. ಆ ನಗುವಿಗಾಗಿಯೇ ಎಷ್ಟೋ ಸಲ ಬೇಕೆಂದೇ ತಪ್ಪು ಊದಿದ್ದೇನೆ.

ಹೊರಡುವ ಮುನ್ನಾದಿನ ಅಜ್ಜಿ ಕೇಳಿದರು: ‘ಮಿಲ್ಲೊಯ್ನ್ ತುಲೆತ್ ತಾಸ್?’ ಮತ್ತೆ ಯಾವಾಗ ಬರ್ತೀಯಾ? ಯಾರು, ಎಲ್ಲಿ, ಯಾವಾಗ ಎಂಬ ಪದಗಳು ತಲೆಯಲ್ಲಿದ್ದರೆ ಕ್ರಿಯಾಪದಕ್ಕೆ ‘ಕೊ’ ಬೇಕಿಲ್ಲ. ಕ್ರಿಯಾಪದವನ್ನು ತಿರುಗಿಸಿ ಕೊಟ್ಟು ಪಾರಾಗುವುದಕ್ಕೂ ಆಗುವುದಿಲ್ಲ. ಅದು ಗೊತ್ತಿದ್ದೂ ‘ತುಲೆನ್’ ಎಂದೆ, ಬರ್ತೀನಿ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದೆಂದು ಅಮ್ಮ ಹೇಳಿಕೊಟ್ಟಿದ್ದಳು. ಯಾವಾಗ ಎಂದು ಕೇಳಿದವರಿಗೆ ಒಂದು ತಿಂಗಳ ಹೆಸರನ್ನಾದರೂ ಹೇಳಬೇಕು, ನಿಜ. ಆದರೆ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಲು ಬಿಡುತ್ತಾರೆ. ಆ ತಿಂಗಳನ್ನು ಹೇಳಬೇಕಾದವರು ವೀಸಾ ಕೊಡುವವರು, ನಾನಲ್ಲ.