ಹಗ್ಗದ ಆಯುಷ್ಯ

ಗೋಕಾಕ ಜಲಪಾತಕ್ಕೆ ಬಂದವರೆಲ್ಲರ ದೃಷ್ಟಿಯೂ ನೀರಿನ ಮೇಲೆಯೇ. ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಕೆಂಪಾಗಿ ಧುಮುಕುವುದನ್ನು ಕಣ್ತುಂಬ ನೋಡುವವರು, ಅಲ್ಲಿಯೇ ತೂಗುಸೇತುವೆಯನ್ನು ಹೊತ್ತು ನಿಂತ ಉಕ್ಕಿನ ಹಗ್ಗಗಳತ್ತ ತಲೆಯೆತ್ತುವುದು ಅಪರೂಪ.

ಉಕ್ಕಿನ ಹಗ್ಗಕ್ಕೆ ತುಕ್ಕು ವೈರಿಯಾದರೆ ನಾರಿನ ಹಗ್ಗಕ್ಕೆ ತೇವ ವೈರಿ. ನಾರಿನ ಹಗ್ಗದ ಮರ್ಮವನ್ನು ಬಲ್ಲವರನ್ನು ಕಾಣಲು ಮೂಡಲಗಿಯ ಕಡೆಯ ಎರೆಹೊಲಗಳಿಗೋ ಹುಕ್ಕೇರಿ ಸೀಮೆಯ ಹಳ್ಳಿಗಳಿಗೋ ಹೋಗಬೇಕು. ಜೋಳದ ರೊಟ್ಟಿಯೊಡನೆ ಪುಂಡಿಪಲ್ಯವನ್ನು ಸವಿಯುವ ಪಟ್ಟಣಿಗರಲ್ಲಿ, ಪುಂಡಿಯ ತೊಗಟೆಯಿಂದಲೇ ಎತ್ತಿನ ಕಣ್ಣಿಯೂ ಹುಟ್ಟುತ್ತದೆಂದು ಅರಿತವರು ವಿರಳ. ಬಲಿತ ಕಟ್ಟಿಗೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು, ಒಣಗಿಸಿ ಹೊಸೆಯುತ್ತಾರೆ. ಆ ಕೊಳೆನೀರಿನ ನಾತವನ್ನು ಒಮ್ಮೆ ಉಂಡ ಮೂಗು ಅದನ್ನು ಮರೆಯಲಾರದು!

ಕಪಿಲೆ ಬಾವಿಗಳಿದ್ದ ಕಾಲದಲ್ಲಿ ಮನೆಯ ದೊಡ್ಡ ಆಸ್ತಿಗಳಲ್ಲಿ ಮಿಣಿಯೂ ಒಂದು. ತುಂಬಿದ ತೊಗಲ ಚೀಲದ ಭಾರವೆಲ್ಲ ಅದರ ಮೇಲೆ. ಚೀಲದ ಸೊಂಡಿಲಿಗೆ ಬೇರೊಂದು ತೆಳುವಾದ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ರಭಸದಿಂದ ಇಳಿಯುತ್ತಿರುವಾಗ ಮಿಣಿ ಹರಿದರೆ, ಎತ್ತುಗಳೂ ಹೊಡೆಯುವವನೂ ಮುಗ್ಗರಿಸುವುದೇ. ಹಿಡಕಲ್ ಜಲಾಶಯದ ಕಾಲುವೆಗಳೂ ವಿದ್ಯುತ್ ಪಂಪುಗಳೂ ಬಂದಮೇಲೆ ಕಪಿಲೆಗಳು ಮೂಲೆಗುಂಪಾದುವು. ಆದರೆ ಹಗ್ಗ ಕಾಯುವ ಬುದ್ಧಿ ಹಿರಿಯರ ಕೈಯಲ್ಲಿ ಉಳಿದಿದೆ.

ಸೆಗಣಿ, ಮಣ್ಣು ಮೆತ್ತಿದ ಹಗ್ಗವನ್ನು ತಣ್ಣೀರಿನಲ್ಲಿ ನೆನೆಸಿ, ಕೈಯಿಂದ ತಿಕ್ಕಿ ತೊಳೆಯಬೇಕು. ಹುರಿಯೊಳಗೆ ಸಿಕ್ಕಿದ ಮರಳಿನ ಕಣ, ಎಳೆದಾಗಲೆಲ್ಲ ಎಳೆಗಳನ್ನು ಅರದಂತೆ ಕೊರೆಯುತ್ತದೆ. ಸೋಡಾ, ಬಿಸಿನೀರು ಸಲ್ಲವು. ಒಣಗಿಸುವುದು ನೆರಳಿನಲ್ಲಿ, ಚೆನ್ನಾಗಿ ಆರಿದ ಮೇಲೆಯೇ ಸುತ್ತಿ, ನೆಲಕ್ಕೆ ತಾಗದಂತೆ ಗೂಟಕ್ಕೆ ತೂಗುಹಾಕುವುದು. ನೆಂದ ನಾರಿನ ಹಗ್ಗ ಕುಗ್ಗುತ್ತದೆಂಬುದನ್ನೂ ಬಲ್ಲವರು ಮರೆಯುವುದಿಲ್ಲ: ಮಳೆಯ ರಾತ್ರಿ ಕೊಟ್ಟಿಗೆಯ ಹೊರಗೆ ಕಟ್ಟಿದ ದನದ ಕುಣಿಕೆಯನ್ನು ತುಸು ಸಡಿಲಿಸಿಯೇ ಮಲಗುತ್ತಾರೆ. ಹಾಯಿಹಡಗಿನ ನಾವಿಕರೂ ಇಂಥ ಹಗ್ಗಗಳನ್ನು ಮಳೆಗೆ ಮುನ್ನ ಸಡಿಲಿಸುತ್ತಿದ್ದರು. ಕಡಲನ್ನೇ ಕಾಣದ ಎರೆನಾಡಿನ ಒಕ್ಕಲಿಗನಿಗೂ ಅದೇ ಪಾಠ!

ಈಗ ಸಂತೆಯಲ್ಲಿ ಬಣ್ಣಬಣ್ಣದ ನೈಲಾನ್ ಹಗ್ಗಗಳ ರಾಶಿ. ನೀರಿಗೆ ಕೊಳೆಯವು, ನಿಜ. ಆದರೆ ವರ್ಷಗಟ್ಟಲೆ ಬಿಸಿಲುಂಡರೆ ಬಲಗುಂದುತ್ತವೆ. ನುಣುಪಿನಿಂದಾಗಿ ಗಂಟೂ ಜಾರುತ್ತದೆ.

ಹಗ್ಗದ ನಿಜವಾದ ಪರೀಕ್ಷೆ ಶ್ರಾವಣದಲ್ಲಿ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಉಂಡಿ ಕಟ್ಟುವ ಸಡಗರದ ನಡುವೆ ಬೇವಿನ ಕೊಂಬೆಗೆ ಜೋಕಾಲಿ ಏರಬೇಕು. ಗೂಟದ ಮೇಲಿನ ಹಳೆಯ ಹಗ್ಗ ಕೆಳಗಿಳಿಯುತ್ತದೆ. ಮೊಮ್ಮಗನಿಗೆ ಆತುರ, ಮುದುಕನಿಗೆ ಅದು ಯಾವುದೂ ಇಲ್ಲ. ಮೊಳಮೊಳಕ್ಕೂ ಹುರಿಯನ್ನು ತುಸು ಬಿಚ್ಚಿ ಒಳಗೆ ಇಣುಕುತ್ತಾನೆ.

"ಅಜ್ಜಾ, ಗಟ್ಟಿ ಐತಿ, ಕಟ್ಟೋಣಲ್ಲ?"

"ಮ್ಯಾಲಿನ ಬಣ್ಣ ನೋಡಬ್ಯಾಡೊ ತಮ್ಮಾ, ಒಳಗಿನ ಎಳಿ ನೋಡು."

ಒಳಗೆ ಎಳೆಗಳು ಪುಡಿಯಾಗಿ ಉದುರಿದರೆ, ಬೂಸಿನ ವಾಸನೆ ಬಂದರೆ, ಹಗ್ಗ ಎಷ್ಟೇ ದಪ್ಪವಿರಲಿ, ಜೋಕಾಲಿಗೆ ಸಲ್ಲದು. ಹೊಸ ಹಗ್ಗದ ಖರ್ಚಿಗೆ ಮನೆಯವರು ಗೊಣಗಿದರೂ ಮುದುಕ ಮಣಿಯುವುದಿಲ್ಲ. ಜೀಕುವವರು ಮಕ್ಕಳು. ಹೊಸದನ್ನು ತಂದು, ಕೊಂಬೆಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಬಿಗಿದು, ಮೊದಲು ತಾನೇ ಜೋತುಬಿದ್ದು ನೋಡುತ್ತಾನೆ.

ಹಳೆಯದನ್ನು ಎಸೆಯುವಂತಿಲ್ಲ. ಗಟ್ಟಿಯಾಗಿ ಉಳಿದ ಮೊಳವೆರಡು ಮೊಳ ಎಳೆಗರುವಿನ ಕಣ್ಣಿಯಾಗುತ್ತದೆ. ಸವೆದ ತುಂಡು ಸಿಂಬಿಯಾಗಿ ಸುತ್ತಿಕೊಂಡು ಅಡಿಗೆಮನೆಯ ಕೊಡದ ಕೆಳಗೆ ಸೇರುತ್ತದೆ.