ಹಿತ್ತಲ ಎಳ್ಳಿನ ಹೂ

ನಾನು ದಿನಾ ನುಂಗುವ ಹೃದಯದ ಮಾತ್ರೆ ಡಿಗಾಕ್ಸಿನ್. ಅದರ ಮೂಲ ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಎಲೆ ಎಂದದ್ದೇ ತಡ, ಮೊಮ್ಮಗಳು "ಬೀಜ ತರಿಸಿ ಬಿತ್ತೋಣ ಅಜ್ಜ" ಎಂದಳು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಈ ಗಿಡದ ಬಗ್ಗೆ ಪುಸ್ತಕ ಬರೆದಿದ್ದಾನೆ. ಆದರೆ ತಂಪು ಸೀಮೆಯ ಆ ಗಿಡಕ್ಕೆ ನಮ್ಮ ಧಾರೇಶ್ವರದ ಕಡಲಂಚಿನ ಸೆಕೆ ಆಗಿಬರದು. ಗಿಡವೆಲ್ಲ ವಿಷ ಬೇರೆ, ಮಕ್ಕಳೇ! ಹೂ ಬಿಡುವುದೂ ಸಾಮಾನ್ಯವಾಗಿ ಎರಡನೇ ವರ್ಷ. ಎಪ್ಪತ್ತಾರರ ಈ ಬ್ಯಾಂಕ್ ಗುಮಾಸ್ತನಿಗೆ ಅಷ್ಟು ದೀರ್ಘಾವಧಿ ಠೇವಣಿ ಬೇಡವೆನಿಸಿತು.

ತುಳಸಿ ಹಬ್ಬ ಕಳೆದ ಮೇಲೆ ಅಡುಗೆಮನೆಯಿಂದ ಚಿಟಿಕೆ ಹಸಿ ಎಳ್ಳು ತಂದು ಹಿತ್ತಲ ಮರಳುಮಣ್ಣಿಗೆ ಹಾಕಿದೆವು. ಐದಾರು ದಿನಕ್ಕೆ ಮೊಳಕೆ, ಒಂದೂವರೆ ತಿಂಗಳಿಗೆ ಹೂ. ಫಾಕ್ಸ್‌ಗ್ಲೋವ್‌ನಂತೆಯೇ ಜೋತುಬಿದ್ದ ಪುಟ್ಟ ಗಂಟೆ! ಸಂಜೆ ಉದುರಿದ್ದನ್ನು ಮೊಮ್ಮಗಳು ಕಿರುಬೆರಳಿಗೆ ಟೊಪ್ಪಿಗೆಯಂತೆ ತೊಡುತ್ತಾಳೆ. ಈಗ ಕಾಯಿ ಬಲಿಯುತ್ತಿದೆ. ಬಿರಿದು ಎಳ್ಳು ಚೆಲ್ಲುವ ಮೊದಲೇ ಕೊಯ್ಯಬೇಕು. ಕಾವಲು ಅವಳದೇ.