ಬಾಗಿಲಿಗೆ ತಂದ ಸೀರೆ

ಸೀರೆ ಅಂಗಡಿಯಲ್ಲಿ ಗಂಡಸರಿಗೆ ಕೊಡುವ ಸ್ಟೂಲಿಗೆ ಒರಗುವುದಕ್ಕೆ ಏನೂ ಇರುವುದಿಲ್ಲ. ಚಿಕ್ಕಪೇಟೆಯ ಅಂಥದೊಂದು ಸ್ಟೂಲಿನ ಮೇಲೆ ನಾನು ಒಂದೂವರೆ ಗಂಟೆ ಕೂತಾದ ಮೇಲೆ ನನ್ನ ಹೆಂಡತಿ ಒಂದು ಸೀರೆ ಎತ್ತಿಕೊಂಡು ಬಾಗಿಲಿಗೆ ನಡೆದಳು. 'ಕಲರ್ ಗ್ಯಾರಂಟಿ ಅಕ್ಕಾ, ಇಲ್ಲೇ ನೋಡಿ' ಎನ್ನುತ್ತ ಅಂಗಡಿಯ ಹುಡುಗ ಹಿಂದೆಯೇ ಓಡಿದ. ಒಳಗೆ ರಾಮಾ ಗ್ರೀನ್ ಆಗಿದ್ದದ್ದು ಬಿಸಿಲಿಗೆ ಬಂದು ಹೆಚ್ಚುಕಡಿಮೆ ನೀಲಿಯಾಯಿತು. 'ನೋಡಿದ್ರಾ?' ಅಂದಳು. ನೋಡಿದ್ದೆ. ಯಾವುದು ನಿಜ ಎನ್ನುವ ಧೈರ್ಯವಾಗಲಿಲ್ಲ.

ಬಣ್ಣ ಬದಲಾದದ್ದು ದೊಡ್ಡದಲ್ಲ. ಉಳಿದ ಹೊತ್ತಿನಲ್ಲಿ ಬದಲಾಗದೆ ಇರುತ್ತದಲ್ಲ, ಅದು ದೊಡ್ಡದು. ದೇವರ ಮುಂದಿನ ಎಣ್ಣೆದೀಪದಲ್ಲಿ ಮಲ್ಲಿಗೆಯಿಂದ ಕಣ್ಣಿಗೆ ಬರುವುದು ಹಳದಿ ಬೆಳಕು. ಆದರೂ ಮಲ್ಲಿಗೆ ಬಿಳಿ. ಮಿದುಳು ಸುತ್ತಲಿನದನ್ನೆಲ್ಲ ಒಮ್ಮೆ ನೋಡಿ, ದೀಪದ ಪಾಲು ಇಷ್ಟು ಎಂದು ಕಳೆದು, ಉಳಿದದ್ದನ್ನು ಹೂವಿನ ಲೆಕ್ಕಕ್ಕೆ ಬರೆಯುತ್ತದೆ. ಪೋಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ಬಣ್ಣದ ಕಾಗದದ ಚೂರುಗಳನ್ನು ಕೌದಿಯ ಹಾಗೆ ಜೋಡಿಸಿ ಇದನ್ನು ತೋರಿಸಿದ. ಮೂರು ಪ್ರೊಜೆಕ್ಟರುಗಳ ಬೆಳಕನ್ನು ಏರಿಸಿ ಇಳಿಸಿ, ಮೊದಲು ಬಿಳಿ ಚೂರಿನಿಂದ ಬರುತ್ತಿದ್ದ ಬೆಳಕೇ ಈಗ ಹಸಿರು ಚೂರಿನಿಂದ ಬರುವ ಹಾಗೆ ಮಾಡಿದ. ನೋಡಿದವರು ಆಗಲೂ ಹಸಿರೆಂದೇ ಹೇಳಿದರು. ಅಂಗಡಿಯ ಟ್ಯೂಬ್‌ಲೈಟಿನ ತೊಂದರೆ ಬೇರೆ. ಅದರ ಬೆಳಕಿನಲ್ಲಿ ಕೆಲವು ಬಣ್ಣಗಳೇ ಕಡಿಮೆ. ಇಲ್ಲದ್ದನ್ನು ಮಿದುಳು ಎಲ್ಲಿಂದ ತಂದೀತು?

2015ರಲ್ಲಿ ಒಂದು ಉಡುಪಿನ ಫೋಟೊ ಜಗತ್ತಿನ ಮನೆಗಳಲ್ಲಿ ಜಗಳ ಹಚ್ಚಿತ್ತು. ಉಡುಪು ನೀಲಿ-ಕಪ್ಪಿನದು. ಅದು ನೆರಳಿನಲ್ಲಿದೆ ಎಂದು ಯಾರ ಮಿದುಳು ಊಹಿಸಿತೋ ಅವರಿಗೆ ಬಿಳಿ-ಬಂಗಾರ ಕಂಡಿತು. ನಮ್ಮಲ್ಲಿ ನನ್ನೊಬ್ಬನದೇ ಬಿಳಿ-ಬಂಗಾರ. ಅಂದಿನಿಂದ ಬಣ್ಣದ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ.

ಹೀಗೆ ಊಹಿಸುವುದು ಕಣ್ಣಿಗಷ್ಟೇ ಅಲ್ಲ, ಕೈಕಾಲೂ ಇದೇ ಶಾಲೆಯಲ್ಲಿ ಕಲಿತವು. ದರ್ಶಿನಿಯಲ್ಲಿ ಮಗುಚಿಟ್ಟ ಲೋಟ ತೆಗೆಯುವ ಹುಡುಗನನ್ನು ಗಮನಿಸಿ. ಹೆಬ್ಬೆರಳು ಕೆಳಗಾಗುವಂತೆ ಕೈ ತಿರುಚಿ ಹಿಡಿಯುತ್ತಾನೆ, ನೆಟ್ಟಗೆ ನಿಲ್ಲಿಸುವಾಗ ಕೈ ಹಾಯಾಗಿರಲಿ ಅಂತ. ಅಮೆರಿಕದ ಡೇವಿಡ್ ರೋಸೆನ್‌ಬಾಮ್ ಎಂಬ ಮನೋವಿಜ್ಞಾನಿ ಹೋಟೆಲೊಂದರಲ್ಲಿ ಇದನ್ನೇ ಕಂಡು ಸಂಶೋಧನೆಗೆ ಕೂತ. ನಾವಾದರೆ ಕಾಫಿ ಕುಡಿದು ಎದ್ದು ಬರುತ್ತೇವೆ. ಸ್ವೀಡನ್ನಿನ ರೋಲಂಡ್ ಯೋಹಾನ್ಸನ್ 1980ರ ದಶಕದಲ್ಲಿ ಬೆರಳುಗಳ ಹಿಡಿತವನ್ನು ಅಳೆದ. ವಸ್ತು ಮೇಲೇಳುವುದಕ್ಕೆ ಮೊದಲೇ, ಹಿಂದೆ ಎತ್ತಿದ ನೆನಪಿನ ಮೇಲೆ ಬಲ ನಿಗದಿಯಾಗಿರುತ್ತದೆ.

ಇದನ್ನು ನಾನು ಸೊಂಟದಿಂದ ಕಲಿತವನು. ನಮ್ಮ ಹಿತ್ತಲಲ್ಲಿ ಎರಡು ಗ್ಯಾಸ್ ಸಿಲಿಂಡರ್, ಎರಡೂ ಒಂದೇ ಕೆಂಪು. ತುಂಬಿದ್ದರಲ್ಲಿ 14.2 ಕೆ.ಜಿ. ಅನಿಲ, ಖಾಲಿಯದರಲ್ಲಿ ಬರೀ ಕಬ್ಬಿಣ. ತುಂಬಿದ್ದೆಂದು ಖಾಲಿಯದಕ್ಕೆ ಕೈಹಾಕಿ ಉಸಿರು ಬಿಗಿಹಿಡಿದು ಎತ್ತಿದೆ. ಸಿಲಿಂಡರ್ ಹಾರಿ ಬಂತು, ನಾನು ತುಳಸಿಕಟ್ಟೆಗೆ ಹೋಗಿ ಒರಗಿದೆ. ಮಿದುಳಿನ ಅಂದಾಜು ತಪ್ಪಿತ್ತು, ಬಣ್ಣವನ್ನು ಮಾತ್ರ ಸರಿಯಾಗಿಯೇ ಕಂಡಿತ್ತು. ಕೆಂಪಿನಲ್ಲಿ ತೂಕ ಬರೆದಿರಲಿಲ್ಲ, ಅಷ್ಟೆ.

ಸೀರೆಯನ್ನು ಕೊಂಡೆವು. ಅವಳಿಗೆ ಅದು ನೀಲಿ, ನನಗೆ ಈಗಲೂ ಹಸಿರು. ಸಿಲಿಂಡರನ್ನು ಮಾತ್ರ ಎತ್ತುವ ಮೊದಲು ಕಾಲಿನಿಂದ ಒಮ್ಮೆ ತಳ್ಳಿ ನೋಡುತ್ತೇನೆ.